ಮಂಟಪದ ಸದ್ದಿಗೆ ಮಿತಿ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮ ಮನೆಯ ಹಿಂಬದಿಯ ಕಲ್ಯಾಣ ಮಂಟಪದವರು ಆರತಕ್ಷತೆಯ ದಿನ ಅಂಗಳದಲ್ಲೇ ಧ್ವನಿವರ್ಧಕ ಇಟ್ಟು ರಾತ್ರಿ 11.30ರವರೆಗೂ ಆರ್ಕೆಸ್ಟ್ರಾ ನಡೆಸುತ್ತಾರೆ. ಕಿಟಕಿಯ ಗಾಜು ಅದುರುತ್ತದೆ. ಕೇಳಿದರೆ, ‘ಅನುಮತಿ ಇದೆ’ ಎನ್ನುತ್ತಾರೆ. ಏನು ಮಾಡಬೇಕು?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕೆಂಬುದು ನಿಜವಾದರೂ, ಅದು ಇಡೀ ರಾತ್ರಿಗೆ ಸಿಕ್ಕ ರಹದಾರಿಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಭಾಂಗಣ, ಸಮುದಾಯ ಭವನದಂತಹ ಮುಚ್ಚಿದ ಆವರಣದ ಒಳಗೆ, ಒಳಗಿನವರಿಗಷ್ಟೇ ಕೇಳುವಂತೆ ಮಾತ್ರ ಧ್ವನಿವರ್ಧಕ ಬಳಸಬಹುದು. ನಿಮ್ಮಲ್ಲಿ ಅದು ಇರುವುದು ಅಂಗಳದಲ್ಲಿ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ನೀಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದ್ದರೂ, ಅದು ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ, ಮನೆಯ ಆರತಕ್ಷತೆಯನ್ನು ಆ ಲೆಕ್ಕಕ್ಕೆ ಸೇರಿಸುವುದು ಕಷ್ಟ.

ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ; ಮರುದಿನದ ದೂರಿಗೆ ಬಲ ಕಡಿಮೆ. ಮತ್ತೆ ಮತ್ತೆ ಆಗುತ್ತಿದ್ದರೆ ದಿನಾಂಕ, ವೇಳೆ ಬರೆದಿಟ್ಟುಕೊಂಡು ನಗರ ಪೊಲೀಸ್ ಆಯುಕ್ತರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಬೈಲಿನ ಡೆಸಿಬಲ್ ಆ್ಯಪ್ ನಿಮ್ಮ ಅಂದಾಜಿಗೆ ಸಾಕು, ಪುರಾವೆಗೆ ಸಾಲದು.