ರಾತ್ರಿ ರೆಡ್‌ವೇಯಲ್ಲಿ ಕಾರುಗಳಿಗೆ ಎದುರಾಗಿ ಸೈಕಲ್ ಹೊಡೆದರೆ ಅದು ರಾಂಗ್ ಸೈಡಾ? ಮುಂದಿನ ಲೈಟ್ ಹೇಗಿರಬೇಕು?

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಸಂಜೆ ಕೆಲಸ ಮುಗಿಸಿ ಬರುವಾಗ ರೆಡ್‌ವೇ, ಅಂದರೆ ಸೈಕಲ್‌ನವರೂ ನಡೆಯುವವರೂ ಹಂಚಿಕೊಳ್ಳುವ ದಾರಿ, ನಿಮಗೆ ರಸ್ತೆಯ ಬಲಗಡೆ ಸಿಗುತ್ತದೆ, ಪಕ್ಕದ ಲೇನಿನ ಕಾರುಗಳೆಲ್ಲ ಎದುರಿಗೇ ಬರುತ್ತವೆ, ಕೆಲವರು ಹೈಬೀಮ್ ಮಿಟುಕಿಸಿ ಸಿಟ್ಟು ತೋರಿಸುತ್ತಾರೆ, ನಾಯಿ ಹಿಡಿದು ನಡೆಯುವವರು ಬೈಯುತ್ತಾರೆ, ಹಾಗಾದರೆ ನಾನು ರಾಂಗ್ ಸೈಡಲ್ಲಿದ್ದೀನಾ ಅಂತ ಕೇಳಿದ್ದೀರಿ. ಇಲ್ಲ, ನೀವು ಹೋಗುತ್ತಿರುವ ದಿಕ್ಕಿನಲ್ಲಿ ತಪ್ಪಿಲ್ಲ. ನೀವು ಬರೆದಿರುವ ಆ 1000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಲೈಟ್ ನೋಡುತ್ತಿರುವ ದಿಕ್ಕಿನಲ್ಲಿ ತಪ್ಪಿದೆ.

ಕಾನೂನಿನ ಮಾತು ಚಿಕ್ಕದು. ನೀಲಿ ದುಂಡು ಬೋರ್ಡಿನಲ್ಲಿ ಬಿಳಿ ಸೈಕಲ್ಲೂ ಪಾದಚಾರಿಗಳ ಚಿತ್ರವೂ ಇದ್ದರೆ ಆ ದಾರಿ ಇಬ್ಬರಿಗೂ ಸೇರಿದ್ದು. ಒಂದೇ ದಿಕ್ಕು ಅಂತ ಗುರುತು ಹಾಕಿರದಿದ್ದರೆ ಎರಡೂ ದಿಕ್ಕಿಗೆ ಹೋಗಬಹುದು. ಪಕ್ಕದ ರಸ್ತೆಯಲ್ಲಿ ಕಾರು ಯಾವ ಕಡೆ ಓಡುತ್ತದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಬೋರ್ಡಿಲ್ಲದ ಬರೀ ಫುಟ್‌ಪಾತ್ ಮೇಲೆ ಹೊಡೆದರೆ ಮಾತ್ರ ತಪ್ಪು, 50 ಪೌಂಡ್ ದಂಡ ಬೀಳಬಹುದು. ಊರಲ್ಲಿ ಯೂ ಟರ್ನ್ ದೂರ ಅಂತ ಎದುರು ನುಗ್ಗುತ್ತಾರಲ್ಲ, ಆ ರಾಂಗ್ ಸೈಡೇ ಬೇರೆ.

ಆದರೂ ಡ್ರೈವರ್‌ಗಳಿಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲೂ ನಮ್ಮಲ್ಲಿಯ ಹಾಗೆ ಎಡಗಡೆ ಓಡಿಸುತ್ತಾರೆ. ಅವರ ಎಡಗಡೆ ಕಾಣಬೇಕಾದದ್ದು ಮುಂದೆ ಹೋಗುವವರ ಕೆಂಪು ದೀಪ. ಅಲ್ಲಿ ಬಿಳಿ ದೀಪ ಕಂಡರೆ ಒಂದು ಕ್ಷಣ ‘ರಸ್ತೆ ಎಡಕ್ಕೆ ತಿರುಗುತ್ತದಾ, ನಾನೇ ತಪ್ಪು ಲೇನಿನಲ್ಲಿದ್ದೀನಾ’ ಅಂತ ಗಲಿಬಿಲಿಯಾಗುತ್ತದೆ. ಗ್ರಿಡ್ ರಸ್ತೆಗಳಲ್ಲಿ, ಅಂದರೆ ಊರನ್ನು ಚೌಕಚೌಕವಾಗಿ ಹಾಯುವ ಮುಖ್ಯರಸ್ತೆಗಳಲ್ಲಿ, ಓಡುವ ವೇಗಕ್ಕೆ ಆ ಒಂದು ಕ್ಷಣವೂ ದುಬಾರಿ. ನಿಮ್ಮ ಕಡೆಯಿಂದ ನೋಡಿದರೂ ಫಜೀತಿಯೇ. ಎಡಕ್ಕೆ ಓಡಿಸುವ ದೇಶದ ಕಾರಿನ ಲೋಬೀಮ್ ಸಮತಟ್ಟಾಗಿರುವುದಿಲ್ಲ. ಎದುರು ಬರುವ ಕಾರಿನವನ ಕಣ್ಣು ತಪ್ಪಿಸಲು ಬಲಗಡೆ ತಗ್ಗಿರುತ್ತದೆ, ರಸ್ತೆಯಂಚಿನ ಬೋರ್ಡು, ನಡೆಯುವವರು ಕಾಣಲಿ ಅಂತ ಎಡಗಡೆ ಮೇಲಕ್ಕೆ ಎದ್ದಿರುತ್ತದೆ. ಆ ಎದ್ದ ಭಾಗ ಬಂದು ಬೀಳುವುದೇ ನಿಮ್ಮ ಮುಖಕ್ಕೆ. ಅವರು ಡಿಮ್ ಮಾಡಿಲ್ಲ ಅಂತ ನೀವು ಬೈಯುತ್ತಿರುತ್ತೀರಿ, ಪಾಪ, ಅವರು ಮಾಡಿರುತ್ತಾರೆ.

ಆಗ ಕಾರಿನ ದೀಪವನ್ನು ದಿಟ್ಟಿಸಬೇಡಿ. ದಾರಿಯ ಬಲ ಅಂಚು, ಅಂದರೆ ರಸ್ತೆಯಿಂದ ದೂರದ ಅಂಚನ್ನು ನೋಡುತ್ತ ವೇಗ ಇಳಿಸಿ. ಈ ದಿಕ್ಕಿನಲ್ಲಿ ಎಡಕ್ಕೆ ಸರಿದಷ್ಟೂ ನೀವು ರಸ್ತೆಗೇ ಹತ್ತಿರವಾಗುತ್ತೀರಿ. ದಾರಿ ಖಾಲಿಯಿದ್ದಾಗ ನಡುವೆ ಅಥವಾ ಬಲಕ್ಕೆ ಇರಿ. ಎದುರಿಂದ ಸೈಕಲ್ ಬಂದರೆ ಬೇಗನೇ ಎಡಕ್ಕೆ ಬನ್ನಿ, ಅವರೂ ತಮ್ಮ ಎಡ ಹಿಡಿಯುತ್ತಾರೆ. ಕೊನೇ ಗಳಿಗೆಯಲ್ಲಿ ಸರಿಯಬೇಡಿ, ಕತ್ತಲಲ್ಲಿ ಎರಡು ದೀಪಗಳು ಒಂದೇ ಕಡೆಗೆ ಸರಿದು ಡಿಕ್ಕಿಯಾಗುವುದು ಹೀಗೇ.

ಇನ್ನು ಲೈಟ್. ಮಾರುಕಟ್ಟೆಯಲ್ಲಿ ಸಿಗುವುದು ಎರಡು ಜಾತಿ. ಒಂದು ಟಾರ್ಚಿನ ಹಾಗೆ ದುಂಡಗೆ ಬೆಳಕು ಚೆಲ್ಲುವುದು, ಅರ್ಧ ಬೆಳಕು ಮರದ ಕೊಂಬೆಗೆ ಹೋಗುತ್ತದೆ. ಇನ್ನೊಂದು ಕಾರಿನ ಲೋಬೀಮ್ ಹಾಗೆ ಮೇಲ್ಗಡೆ ಗೆರೆ ಎಳೆದಂತೆ ಕತ್ತರಿಸಿದ ಬೆಳಕಿನದು. ಜರ್ಮನಿಯ ನಿಯಮ ಈ ಎರಡನೆಯದನ್ನೇ ಬೇಡುತ್ತದೆ, ಹಾಗಾಗಿ ಅಂಗಡಿಯಲ್ಲಿ ‘ಎಸ್‌ಟಿವಿಝಡ್‌ಒ’ (StVZO, ಆ ನಿಯಮದ ಚಿಕ್ಕ ಹೆಸರು) ಅಂತ ಬರೆದಿರುವುದನ್ನು ಕೇಳಿ. ದಿನಾ ರಾತ್ರಿ ಇಂಥ ದಾರಿಯಲ್ಲಿ ಓಡಾಡುವವರು ಲ್ಯೂಮೆನ್ ಲೆಕ್ಕ ಬಿಟ್ಟು ಇದನ್ನೇ ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಲೈಟ್ ಯಾವುದಾದರೂ ಕೂರಿಸುವ ಕ್ರಮ ಹೀಗೆ. ಸಮತಟ್ಟು ನೆಲದಲ್ಲಿ, ಲೈಟಿನಿಂದ ಗೋಡೆಗೆ ಸರಿಯಾಗಿ 5 ಮೀಟರ್ ಇರುವಂತೆ ಸೈಕಲ್ ನಿಲ್ಲಿಸಿ. ದಿನಾ ಒಯ್ಯುವ ಬ್ಯಾಗ್ ಹಾಕಿ, ಮೇಲೆ ಕೂತು, ಇನ್ನೊಬ್ಬರ ಕೈಲಿ ಹಿಡಿಸಿ. ನೆಲದಿಂದ ಲೈಟಿನ ಎತ್ತರ ಅಳೆದು ಗೋಡೆ ಮೇಲೆ ಅದೇ ಎತ್ತರಕ್ಕೆ ಟೇಪ್ ಅಂಟಿಸಿ. ಕತ್ತರಿಸಿದ ಬೆಳಕಿನ ಲೈಟಾದರೆ ಅದರ ಮೇಲಿನ ಗೆರೆ ಟೇಪಿಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಲೈಟ್ 1 ಮೀಟರ್ ಎತ್ತರದಲ್ಲಿದ್ದರೆ ಆ ಗೆರೆ 50 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, ಯಾರ ಕಣ್ಣಿಗೂ ಏರುವುದಿಲ್ಲ. ದುಂಡು ಬೆಳಕಿನದಾದರೆ ನಡುವಿನ ಪ್ರಖರ ಚುಕ್ಕೆ ಟೇಪಿನ ಅರ್ಧ ಎತ್ತರದಲ್ಲಿರಬೇಕು, ಅಂದರೆ 1 ಮೀಟರಿಗೆ 50 ಸೆಂಟಿಮೀಟರ್. ಆಗ ಅದು 10 ಮೀಟರ್ ಮುಂದೆ ನೆಲಕ್ಕೆ ಬೀಳುತ್ತದೆ. ಅಷ್ಟಾದರೂ ಸುತ್ತ ಚೆಲ್ಲುವ ಬೆಳಕು ಎದುರಿನವರ ಕಣ್ಣಿಗೆ ಹೋಗೇ ಹೋಗುತ್ತದೆ. ಅದಕ್ಕೆ 100ರಿಂದ 200 ಲ್ಯೂಮೆನ್ ಮೋಡ್‌ನಲ್ಲಿಡಿ, ಗಾಜಿನ ಮೇಲಂಚಿಗೆ ಟೋಪಿಯ ಮುಂಬದಿಯ ಹಾಗೆ 2 ಸೆಂಟಿಮೀಟರ್ ಚಾಚುವಂತೆ ಕಪ್ಪು ಟೇಪಿನ ಮರೆ ಕಟ್ಟಿ. ಜತೆಗೆ ರಸ್ತೆ ನಿಮ್ಮ ಎಡಕ್ಕಿರುವ ಈ ದಿಕ್ಕಿನಲ್ಲಿ ಹೋಗುವಾಗ ಲೈಟನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿ. ಡ್ರೈವರ್‌ಗಳ ಮಿಟುಕಾಟ ತಾನಾಗಿ ಕಡಿಮೆಯಾಗುತ್ತದೆ.

ಅಷ್ಟು ಕಡಿಮೆ ಬೆಳಕು ಸಾಕಾ ಅಂದರೆ, ಗಂಟೆಗೆ 20 ಕಿ.ಮೀ. ವೇಗಕ್ಕೆ ಸಾಕು. ಆ ವೇಗದಲ್ಲಿ ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತೀರಿ. ಗಮನಿಸಿ ಬ್ರೇಕ್ ಹಿಡಿಯುವಷ್ಟರಲ್ಲಿ ಏಳೆಂಟು ಮೀಟರ್, ನಿಲ್ಲಲು ಇನ್ನೊಂದು ಐದು. ನೆಲ ಒದ್ದೆಯಿದ್ದರೆ, ಎಲೆ ಉದುರಿದ್ದರೆ ಹೆಚ್ಚು. 20 ಮೀಟರ್ ಸ್ಪಷ್ಟವಾಗಿ ಕಂಡರೆ ನಡೆಯುತ್ತದೆ. ಅದೂ ಕಾಣದಿದ್ದರೆ ಇಳಿಸಬೇಕಾದದ್ದು ವೇಗ, ಏರಿಸಬೇಕಾದದ್ದು ಲೈಟಲ್ಲ.

ಕೂರಿಸಿದ ಮೇಲೂ ಕೆಡುತ್ತದೆ. ರಬ್ಬರ್ ಪಟ್ಟಿಯ ಹಿಡಿತ ನಾಲ್ಕು ಗುಂಡಿ ಹಾರಿಸಿದರೆ ಜಾರಿ, ಲೈಟ್ ಆಕಾಶ ನೋಡುತ್ತಿರುತ್ತದೆ. ಹಳೇ ಟ್ಯೂಬಿನ ತುಂಡೊಂದನ್ನು ಹ್ಯಾಂಡಲ್‌ಗೆ ಸುತ್ತಿ ಅದರ ಮೇಲೆ ಬಿಗಿದರೆ ಜಾರುವುದಿಲ್ಲ. ಗಾಜಿನ ಮೇಲೆ ಕೆಸರು ಹಾರಿದ್ದರೆ ಎಷ್ಟು ಒಳ್ಳೆಯ ಲೈಟಾದರೂ ಬೆಳಕು ಗೆರೆ ದಾಟಿ ಚೆದುರುತ್ತದೆ, ಒರೆಸಿ. ಕೆಲವರು ಜಾಗವಿಲ್ಲ ಅಂತ ಕತ್ತರಿಸಿದ ಬೆಳಕಿನ ಲೈಟನ್ನು ಹ್ಯಾಂಡಲ್ ಕೆಳಗೆ ತಲೆಕೆಳಗಾಗಿ ನೇತುಹಾಕುತ್ತಾರೆ. ಹಾಗೆ ತೂಗುಹಾಕಲೆಂದೇ ಮಾಡಿದ್ದಲ್ಲದಿದ್ದರೆ ಬೆಳಕೆಲ್ಲ ಮೇಲಕ್ಕೆ, ಕತ್ತಲೆಲ್ಲ ನೆಲಕ್ಕೆ. ಹೆಲ್ಮೆಟ್ ಲೈಟ್ ಇನ್ನೂ ಕೆಟ್ಟದ್ದು, ‘ಥ್ಯಾಂಕ್ಯೂ’ ಅನ್ನಲು ಮುಖ ನೋಡಿದ ಕೂಡಲೇ ಅವರ ಕಣ್ಣಿಗೇ ಬಾಣ. ಕಾನೂನಿನ ಲೆಕ್ಕಕ್ಕೂ ಅದು ಬರುವುದಿಲ್ಲ, ಮುಂದಿನ ದೀಪ ಸೈಕಲ್‌ಗೇ ಕೂಡಿರಬೇಕು.

ರೆಡ್‌ವೇಗೆ ವಿಶೇಷವಾದ ಒಂದು ಮಾತು, ಅಂಡರ್‌ಪಾಸ್. ಕೆಳಗಿನಿಂದ ಏರು ಹತ್ತುವಾಗ ಸೈಕಲ್ಲಿನ ಜತೆ ಲೈಟಿನ ಮೂತಿಯೂ ಏಳುತ್ತದೆ. ನೂರಕ್ಕೆ ಐದರ ಏರೆಂದರೆ ಗೋಡೆ ಮೇಲೆ ಹೊಂದಿಸಿದ ಆ 10 ಸೆಂಟಿಮೀಟರ್ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೇಲೆ ನಿಂತವರ ಮುಖಕ್ಕೇ ಬೆಳಕು. ಇಳಿಯುವ ಮೊದಲೇ ಕಡಿಮೆ ಮೋಡ್‌ಗೆ ತಂದು, ಬೆಲ್ ಹೊಡೆದು, ತಿರುವಿನಲ್ಲಿ ನಡೆಯುವ ವೇಗಕ್ಕೆ ಬನ್ನಿ.

ಎದುರು ಸೈಕಲ್ ಬಂದಾಗ 50 ಮೀಟರ್ ಇರುವಾಗಲೇ ಡಿಮ್ ಮಾಡಿ. ಇಬ್ಬರೂ 20 ಕಿ.ಮೀ. ವೇಗದಲ್ಲಿದ್ದರೆ ನಡುವೆ ಉಳಿಯುವುದು ನಾಲ್ಕೂವರೆ ಸೆಕೆಂಡ್. ನಡೆಯುವವರಿಗೆ ಇನ್ನೂ ಮುಂಚೆ ಮಾಡಬೇಕು, ಏಕೆಂದರೆ ಅವರ ಬಳಿ ಸಾಮಾನ್ಯವಾಗಿ ಲೈಟೇ ಇರುವುದಿಲ್ಲ, ಕತ್ತಲಿಗೆ ಒಗ್ಗಿದ ಕಣ್ಣು ಒಮ್ಮೆ ಕೋರೈಸಿದರೆ ಮತ್ತೆ ಒಗ್ಗಲು ನಿಮಿಷಗಳೇ ಬೇಕು. ನಿಮ್ಮ ಲೈಟಿನ ಬಟನ್ ಒತ್ತುತ್ತ ಹೋದರೆ ಹೈ, ಮೀಡಿಯಂ, ಲೋ, ಫ್ಲ್ಯಾಶ್ ಅಂತ ಸುತ್ತಿ ಬರುವಂಥದ್ದಾದರೆ ಆ ಗಡಿಬಿಡಿ ಬೇಡ, ಎಡಗೈ ಅಂಗೈಯಿಂದ ಮೇಲರ್ಧ ಮುಚ್ಚಿ. ಮೊದಲು ವೇಗ ಇಳಿಸಿಕೊಂಡೇ ಮುಚ್ಚಿ. ಬ್ರಿಟನ್ನಿನ ಸೈಕಲ್‌ಗಳಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು, ಒದ್ದೆ ಎಲೆ ಮೇಲೆ ಅದೊಂದನ್ನೇ ಗಬಕ್ಕನೆ ಹಿಡಿದರೆ ಚಕ್ರ ಜಾರುತ್ತದೆ. ಮಿನುಗುವ ಮೋಡ್ ಬ್ರಿಟನ್ನಿನಲ್ಲಿ ಕಾನೂನುಬದ್ಧವೇ, ಆದರೆ ಬೀದಿದೀಪವಿಲ್ಲದ ಕಡೆ ಮುಂದಿನ ದೀಪ ಸ್ಥಿರವಾಗಿರಲಿ ಅಂತ ಅಲ್ಲಿಯ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡಿನ 60ನೇ ನಿಯಮ ಹೇಳುತ್ತದೆ. ಮಿನುಗುವ ದೀಪ ಎಷ್ಟು ದೂರದಲ್ಲಿದೆ ಅಂತ ಎದುರಿನವರಿಗೆ ಅಂದಾಜು ಸಿಗುವುದಿಲ್ಲ.

ಬೈಗುಳಕ್ಕಿಂತ ನೀವು ಹೆಚ್ಚು ಹೆದರಬೇಕಾದದ್ದು ಅಡ್ಡರಸ್ತೆಗಳಿಗೆ. ಅಲ್ಲಿಂದ ಹೊರಬಂದು ಎಡಕ್ಕೆ ತಿರುಗುವ ಕಾರಿನವರು ನೋಡುವುದು ಬಲಗಡೆ ಮಾತ್ರ, ವಾಹನ ಬರುವುದು ಆ ಕಡೆಯಿಂದ. ನೀವು ಬರುವುದು ಅವರ ಎಡದಿಂದ. ನಿಮ್ಮ ಲೈಟ್ ಎಷ್ಟೇ ಉರಿದರೂ ತಿರುಗದ ಕತ್ತಿಗೆ ಕಾಣುವುದಿಲ್ಲ. ರಾತ್ರಿ ಅವರ ಮುಖ ಕಾಣದು, ಆದ್ದರಿಂದ ಮುಂದಿನ ಚಕ್ರ ನೋಡಿ, ಅದು ಪೂರ್ತಿ ನಿಂತ ಮೇಲೆ ದಾಟಿ. ಇನ್ನೊಂದು ಕಾರು ನಿಮಗೆ ಕಾಣುವುದೇ ಇಲ್ಲ. ನಿಮ್ಮ ದಿಕ್ಕಿನಲ್ಲೇ ಬಂದು, ಎದುರು ಲೇನ್ ದಾಟಿ, ಬಲಕ್ಕೆ ಆ ಅಡ್ಡರಸ್ತೆಗೆ ನುಗ್ಗುವುದು. ಅದು ಬರುವುದು ನಿಮ್ಮ ಎಡಭುಜದ ಹಿಂದಿನಿಂದ. ಅಲ್ಲಿ ಮುಂದಿನ ಲೈಟಿನಿಂದ ಏನೂ ಉಪಯೋಗವಿಲ್ಲ, ಅವರಿಗೆ ಕಾಣುವುದು ಹಿಂದಿನ ಕೆಂಪು ದೀಪ, ಅದೂ ಕೋಟಿನ ಅಂಚೋ ಬ್ಯಾಗೋ ಅದರ ಮೇಲೆ ಇಳಿಬಿದ್ದಿಲ್ಲದಿದ್ದರೆ.