ಕಷ್ಟಕಾಲದಲ್ಲಿ ಶಿಕ್ಷಕರು ತಮ್ಮ ಎಚ್‌ಎಂ (ಮುಖ್ಯ ಶಿಕ್ಷಕರು) ಅವರನ್ನು ಹೇಗೆ ನೋಡುತ್ತಾರೆ? ಕಟ್ಟುನಿಟ್ಟಾಗಿರಬೇಕಾ, ಮೃದುವಾಗಿರಬೇಕಾ?

ಈ ಪ್ರಶ್ನೆ ಕೇಳುತ್ತಾ, ಹೊಸದಾಗಿ ಪ್ರಭಾರ ವಹಿಸಿಕೊಂಡಿದ್ದೀರಿ ಅಂತಲೂ ಬರೆದಿದ್ದೀರಿ. 2020ರಲ್ಲಿ ನಾನೂ ಹಾಗೇ ಎಚ್‌ಎಂ ಕುರ್ಚಿಯಲ್ಲಿ ಕೂತವಳು. ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹಿಂದಿನ ಮೇಷ್ಟ್ರು ನಿವೃತ್ತರಾದರು, ಸೀನಿಯಾರಿಟಿ ಪ್ರಕಾರ ಚಾರ್ಜ್ ನನ್ನ ಕೈಗೆ ಬಂತು.

ಕೊರೊನಾದಿಂದ ಶಾಲೆ ಮುಚ್ಚಿತ್ತು. ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಯಿತು. ನೆನಪಿದೆ ಅಲ್ವಾ? ಇಂಟರ್ನೆಟ್ ಇರುವ ಫೋನಿನ ಮಕ್ಕಳು, ಬರೀ ಕೀಪ್ಯಾಡ್ ಫೋನಿನವರು, ಫೋನೇ ಇಲ್ಲದವರು ಅಂತ ವಿಂಗಡಿಸಬೇಕಿತ್ತು. ಶಿಕ್ಷಕರೇ ಊರೊಳಗೆ ಹೋಗಿ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ ಅಂತ ಸಿಕ್ಕಲ್ಲಿ ಪಾಠ ಮಾಡಬೇಕಿತ್ತು. ಜೊತೆಗೆ ಚಂದನ ವಾಹಿನಿಯ ಪಾಠ ಯಾರು ನೋಡಿದರು ಅಂತ ವರದಿ, ಬಿಸಿಯೂಟದ ಬದಲು ಹಂಚಿದ ಅಕ್ಕಿ, ಬೇಳೆಯ ಲೆಕ್ಕ. ಎಲ್ಲದರ ಮೇಲೂ ‘ಅತಿ ತುರ್ತು’. ಎಲ್ಲವೂ ಅತಿ ತುರ್ತಾದರೆ ಯಾವುದನ್ನು ಮೊದಲು ಮಾಡೋದು, ನೀವೇ ಹೇಳಿ.

ನಾನು ಮಾಡಿದ್ದು ಇಷ್ಟೇ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಗ್ರೂಪಿಗೆ ಬಂದದ್ದನ್ನೆಲ್ಲ ಬಂದ ಹಾಗೇ ನಮ್ಮ ಶಾಲೆಯ ವಾಟ್ಸಾಪ್ ಗ್ರೂಪಿಗೆ ಫಾರ್ವರ್ಡ್ ಮಾಡುತ್ತಿದ್ದೆ. ರಾತ್ರಿ ಹನ್ನೊಂದಾದರೂ ಸರಿ. ಕೆಳಗೆ ‘ಗಮನಿಸಿ’ ಅಂತ ಒಂದು ಪದ. ನಾನೇ ಪೂರ್ತಿ ಓದಿರುತ್ತಿರಲಿಲ್ಲ. ಏನನ್ನೂ ಮುಚ್ಚಿಡದ ಎಚ್‌ಎಂ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಬೇರೆ ಇತ್ತು. ಫಾರ್ವರ್ಡ್ ಮಾಡಿದ ತಕ್ಷಣ ಹೊಣೆ ನನ್ನ ತಲೆಯಿಂದ ಇಳಿಯುತ್ತಿತ್ತು. ನಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೇಳಿದರೆ ‘ಎಲ್ಲರಿಗೂ ತಿಳಿಸಿದ್ದೇನೆ ಸರ್’ ಅನ್ನಬಹುದಿತ್ತು. ನೀಲಿ ಟಿಕ್ ಬಿದ್ದರೆ ಓದಿದರು, ಒಪ್ಪಿದರು ಅಂದುಕೊಂಡೆ. ಎಲ್ಲರೂ ಗ್ರೂಪ್ ಮ್ಯೂಟ್ ಮಾಡಿದ್ದು ಆಮೇಲೆ ಗೊತ್ತಾಯಿತು.

ಒಂದು ಬೆಳಿಗ್ಗೆ ನಮ್ಮ ಹಿರಿಯ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. ಅವರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ವಯಸ್ಸಾದ ಅತ್ತೆ. ‘ಮೇಡಂ, ನಾನು ಪಾಠ ಮಾಡೋ ಬೀದಿಯಲ್ಲೇ ಒಬ್ಬರಿಗೆ ಪಾಸಿಟಿವ್ ಅಂತೆ. ಹೋಗಲಾ, ಬೇಡವಾ?’ ಕೇಳಿದ್ದು ಅಷ್ಟೇ. ನಾನು ಅಂದೆ, ‘ಆದೇಶ ಗ್ರೂಪಿಗೆ ಹಾಕಿದ್ದೀನಲ್ಲ ಮೇಡಂ, ಅದರ ಪ್ರಕಾರ ಮಾಡಿ.’ ಅವರು ಹೋದರು. ಮುಂದಿನ ವಾರ ಜ್ವರ ಬಂತು. ಅಲ್ಲೇ ಅಂಟಿತು ಅಂತ ಯಾರೂ ಹೇಳೋಕಾಗಲ್ಲ, ಹುಷಾರೂ ಆದರು. ಆದರೆ ಅವರು ಕೇಳಿದ್ದು ನನ್ನನ್ನು. ನಾನು ಪಿಡಿಎಫ್ ತೋರಿಸಿದೆ.

ಆಮೇಲೆ ಸ್ಟಾಫ್ ನನ್ನ ಜೊತೆ ಜಗಳ ಮಾಡಲಿಲ್ಲ, ಯಾರೂ ದೂರು ಕೊಡಲಿಲ್ಲ. ನಾನು ಏನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು: ‘ಗ್ರೂಪಿಗೆ ಹಾಕಿ ಮೇಡಂ.’

ಅಕ್ಟೋಬರ್‌ನಲ್ಲಿ ಸರ್ಕಾರವೇ ವಿದ್ಯಾಗಮ ನಿಲ್ಲಿಸಿತು. 2021ರ ಜನವರಿಯಲ್ಲಿ ಆರನೇ ತರಗತಿಯಿಂದ ಮೇಲಿನವರಿಗೆ ಶಾಲೆಯ ಆವರಣದಲ್ಲೇ ಮತ್ತೆ ಶುರುವಾದಾಗ ಫಾರ್ವರ್ಡ್ ಮಾಡೋದನ್ನು ಬಿಟ್ಟೆ. ದಿನಾ ಸಂಜೆ ನಾನೇ ಬರೆದ ಒಂದು ಮೆಸೇಜ್: ನಾಳೆ ಯಾರು ಬರಬೇಕು, ಯಾವ ಮಕ್ಕಳು, ಯಾವ ಮಾಹಿತಿ ಕೊಡಬೇಕು. ಉಳಿದ ನಮೂನೆಗಳನ್ನು ನಾನೇ ತುಂಬಿದೆ. ಕೆಲವು ತಡವಾದವು. ಸಿಆರ್‌ಪಿ ಸ್ವಲ್ಪ ಗೊಣಗಿದರು, ಅಷ್ಟೇ.

ಆದ್ದರಿಂದ ನಿಮ್ಮ ‘ಕಟ್ಟುನಿಟ್ಟಾ, ಮೃದುನಾ’ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಶಿಕ್ಷಕರು ನಿಮ್ಮ ಸ್ವಭಾವ ನೋಡಲ್ಲ. ಮೇಲಿಂದ ಬಂದ ಒತ್ತಡದಲ್ಲಿ ಎಷ್ಟು ನಿಮ್ಮ ಮೇಜಿನ ಮೇಲೆ ನಿಂತಿತು, ಎಷ್ಟು ಅವರ ತಲೆ ಮೇಲೆ ಬಿತ್ತು ಅಂತ ನೋಡುತ್ತಾರೆ. ಸಿಡುಕು ಮೋರೆಯ ಎಚ್‌ಎಂ ಆದರೂ ‘ಇವತ್ತು ಹೋಗಬೇಡಿ, ಕೇಳಿದರೆ ನಾನು ಹೇಳಿದೆ ಅನ್ನಿ’ ಅಂದರೆ ಸಾಕು.

ನಾಯಕತ್ವ ತರಬೇತಿಗೆ ಸೇರಲಾ ಅಂತಲೂ ಕೇಳಿದ್ದೀರಿ. ಸುಮ್ನೆ ಈಗ ಬೇಡ. ಈ ವಾರ ನಿಮ್ಮ ಸ್ಟಾಫಿನ ಒಬ್ಬೊಬ್ಬರ ಜೊತೆ ಕೂತು ಮಾತಾಡಿ. ಯಾರಿಗೆ ಬಿಪಿ, ಶುಗರ್, ಯಾರ ಮನೆಯಲ್ಲಿ ಹಸುಗೂಸು, ಯಾರು ಎರಡು ಬಸ್ ಬದಲಾಯಿಸಿ ಬರುತ್ತಾರೆ ಅಂತ ತಿಳಿದುಕೊಂಡು ನಿಮ್ಮ ಡೈರಿಯಲ್ಲಿ ಬರೆದಿಡಿ. ಇದನ್ನು ಮಾತ್ರ ಗ್ರೂಪಿನಲ್ಲಿ ಕೇಳಬೇಡಿ.