ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟದಿದ್ದರೆ ಪೊಲೀಸರು ಬರುತ್ತಾರೆಯೇ? ತಂದೆಯ ತೋಟ ಜಪ್ತಿಯಾಗುತ್ತದೆಯೇ?

ಬೆಂಗಳೂರಿನ ಕೆಲಸ ಹೋಗಿ ಸಕಲೇಶಪುರದ ಮನೆಗೆ ಮರಳಿದ್ದೀರೆಂದೂ, ಕಾರ್ಡಿನ ಸುಮಾರು ಎರಡು ಲಕ್ಷ ರೂಪಾಯಿ ಬಾಕಿಗಾಗಿ ಪೊಲೀಸರನ್ನು ಕಳುಹಿಸುತ್ತೇವೆ, ತಂದೆಯವರ ಕಾಫಿ ತೋಟ ಜಪ್ತಿ ಮಾಡಿಸುತ್ತೇವೆ ಎಂದು ವಸೂಲಿಯವರು ಹೆದರಿಸುತ್ತಿದ್ದಾರೆಂದೂ ಬರೆದಿದ್ದೀರಿ. ಹಾಸನದಲ್ಲಿ ಹಣ ವಸೂಲಿ ದಾವೆಗಳನ್ನು ನಡೆಸುವ ವಕೀಲನಾಗಿ ಹೇಳುವುದಾದರೆ, ನೀವು ಅಂಜಬೇಕಾದದ್ದು ಆ ಫೋನ್ ಕರೆಗಳಿಗಲ್ಲ, ನಿಮ್ಮ ಕೈಗೆ ಸೇರದೆ ಹೋಗಬಹುದಾದ ಸಮನ್ಸಿಗೆ, ಅಂದರೆ ಹಾಜರಾಗಿ ಎಂಬ ನ್ಯಾಯಾಲಯದ ಕರೆಗೆ.

ಕಾರ್ಡ್ ಬಾಕಿ ಸಿವಿಲ್ ಸ್ವರೂಪದ ಸಾಲ. ಸುಳ್ಳು ದಾಖಲೆ ಕೊಟ್ಟು ಕಾರ್ಡ್ ಪಡೆದಿರದಿದ್ದರೆ, ಕಟ್ಟಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಪೊಲೀಸರು ಬಂಧಿಸುವಂತಿಲ್ಲ. ಆದರೆ ಏಜೆಂಟರು ‘ಭದ್ರತೆಗೆ ಒಂದು ಚೆಕ್ ಕೊಡಿ, ಸಾಕು’ ಎಂದರೆ ದಯವಿಟ್ಟು ಕೊಡಬೇಡಿ. ಆ ಚೆಕ್ ಬೌನ್ಸ್ ಆಗಿ, ನೋಟಿಸ್ ತಲುಪಿದ 15 ದಿನಗಳೊಳಗೆ ಹಣ ಸಂದಾಯವಾಗದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿರುವ ಕ್ರಿಮಿನಲ್ ಪ್ರಕರಣ ಹುಟ್ಟಿಕೊಳ್ಳುತ್ತದೆ.

ಕನಿಷ್ಠ ಮೊತ್ತವನ್ನೂ 90 ದಿನ ಕಟ್ಟದಿದ್ದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಸಾಲ ಮರುಪಾವತಿಯ ದಾಖಲೆ ತೋರಿಸುವ ಸಿಬಿಲ್ ಅಂಕ ಕುಸಿಯುತ್ತದೆ. ಬಡ್ಡಿ ಶೇಕಡಾ 30 ಮೀರುವಂತಿಲ್ಲ ಎಂದು ಈಗಲೂ ಹಲವರು ಸಲಹೆ ಕೊಡುತ್ತಾರೆ. ಹಾಗೆಂದಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿದೆ, ಅದನ್ನು ನಂಬಿಕೊಳ್ಳಬೇಡಿ.

ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಬಾಕಿ 20 ಲಕ್ಷ ರೂಪಾಯಿಯಾದರೂ ಇರಬೇಕಾದ್ದರಿಂದ ನಿಮ್ಮ ವಿಷಯದಲ್ಲಿ ಬ್ಯಾಂಕು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯೊಳಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾಗುತ್ತದೆ. ನೀವು ಸಾಲ ಒಪ್ಪಿ ಸಹಿ ಹಾಕಿಕೊಟ್ಟರೆ ಆ ಅವಧಿ ಹೊಸದಾಗಿ ಆರಂಭವಾಗುತ್ತದೆ. ದಾವೆ ಬೆಂಗಳೂರಿನಲ್ಲೇ ಹೂಡಲ್ಪಟ್ಟು, ಸಮನ್ಸು ನೀವು ಬಿಟ್ಟುಬಂದ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿ, ನಿಮಗೆ ಸುಳಿವೇ ಇಲ್ಲದೆ ಏಕಪಕ್ಷೀಯ ಡಿಕ್ರಿಯಾಗುವುದು (ನಿಮ್ಮ ಮಾತು ಕೇಳದೆಯೇ ತೀರ್ಪಾಗುವುದು) ಅಪರೂಪವೇನಲ್ಲ. ಆದ್ದರಿಂದ ಮೊದಲು ಬ್ಯಾಂಕಿಗೆ ಈಗಿನ ವಿಳಾಸವನ್ನು ಲಿಖಿತವಾಗಿ ತಿಳಿಸಿ. ವಾಟ್ಸಾಪಿನಲ್ಲಿ ಬರುವ, ಕೆಂಪು ಅಕ್ಷರಗಳ ‘ಅರೆಸ್ಟ್ ವಾರಂಟ್’ ಸಮನ್ಸಲ್ಲ. ನಿಜವಾದ ಸಮನ್ಸಿನಲ್ಲಿ ನ್ಯಾಯಾಲಯದ ಹೆಸರು, ಮೊಹರು, ದಾವೆಯ ಸಂಖ್ಯೆ, ಹಾಜರಾಗಬೇಕಾದ ದಿನಾಂಕ ಇರುತ್ತವೆ. ಅದನ್ನು ನ್ಯಾಯಾಲಯದ ಸಿಬ್ಬಂದಿಯಾದ ಅಮೀನರು ತಂದುಕೊಡುತ್ತಾರೆ ಅಥವಾ ಅಂಚೆಯಲ್ಲಿ ಬರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು ಹಾಕಿಯೂ ಹುಡುಕಬಹುದು. ಅದು ಸಂಕ್ಷಿಪ್ತ ದಾವೆಯಾಗಿದ್ದರೆ (ಬೇಗ ತೀರ್ಮಾನವಾಗುವ ಬಗೆಯ ದಾವೆ) ಸಮನ್ಸು ತಲುಪಿದ 10 ದಿನಗಳಲ್ಲಿ ಹಾಜರಾತಿ ದಾಖಲಿಸಬೇಕು, ಇಲ್ಲವಾದರೆ ಬ್ಯಾಂಕಿನ ಮಾತೇ ಅಂತಿಮವಾಗುತ್ತದೆ.

ಡಿಕ್ರಿಯಾದ ನಂತರ ಅಮಲ್ಜಾರಿಯಲ್ಲಿ, ಅಂದರೆ ಡಿಕ್ರಿಯನ್ನು ಜಾರಿಗೊಳಿಸುವಾಗ, ನಿಮ್ಮ ಬ್ಯಾಂಕ್ ಖಾತೆ, ವಾಹನ, ಮುಂದೆ ಸಿಗುವ ಸಂಬಳದ ಒಂದು ಭಾಗ ಜಪ್ತಿಯಾಗಬಹುದು. ಸಂಬಳದಲ್ಲಿ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರನೇ ಎರಡು ಪಾಲನ್ನೂ ಮುಟ್ಟುವಂತಿಲ್ಲ. ತೋಟ ತಂದೆಯವರ ಸ್ವಯಾರ್ಜಿತವಾಗಿದ್ದರೆ ನಿಮ್ಮ ಸಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಪಿತ್ರಾರ್ಜಿತವಾಗಿದ್ದರೆ ಮಾತ್ರ ನಿಮ್ಮ ಪಾಲಿನ ಮೇಲೆ ಬ್ಯಾಂಕು ಕಣ್ಣು ಹಾಕಬಹುದು, ಆದ್ದರಿಂದ ಪಹಣಿ ಮತ್ತು ಹಳೆಯ ವಿಭಾಗ ಪತ್ರವನ್ನು ತೆಗೆದು ನೋಡಿ. ಸಿವಿಲ್ ಜೈಲಿನ ಅವಕಾಶ ಕಾನೂನಿನಲ್ಲಿ ಇದೆಯಾದರೂ, ಶಕ್ತಿಯಿದ್ದೂ ಕಟ್ಟದವರಿಗೆ ಅದು ಮೀಸಲೇ ಹೊರತು ಕೈಯಲ್ಲಿ ಹಣವಿಲ್ಲದವರಿಗಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ತೀರ್ಪಿತ್ತಿದೆ.

ರಾತ್ರಿ ಏಳರ ನಂತರ ಅಥವಾ ಬೆಳಿಗ್ಗೆ ಎಂಟರ ಮೊದಲು ಕರೆ ಬಂದರೆ ಸಮಯಸಹಿತ ದಾಖಲಿಸಿಕೊಂಡು ಬ್ಯಾಂಕಿಗೆ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು.

ರಾಜಿ ಬಯಸಿದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ಇತ್ಯರ್ಥ ಮಾಡಿಕೊಳ್ಳಬಹುದು, ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿನ ತೀರ್ಮಾನ ಡಿಕ್ರಿಗೆ ಸಮ, ಮೇಲ್ಮನವಿಗೆ ಅವಕಾಶವಿಲ್ಲ. ಹಾಗಾಗಿ ಕಟ್ಟಲು ಸಾಧ್ಯವಾಗುವ ಕಂತಿಗೆ ಮಾತ್ರ ಒಪ್ಪಿ, ಕೊನೆಯ ಕಂತಿನ ನಂತರ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರವನ್ನು ಪಡೆದುಕೊಳ್ಳಿ.